ಮಾತು ಕೇಳಿಯೇ ಸುಸ್ತಾಗುವವರಿಗೆ

ಮಕ್ಕಳ ಮನೆಗೆ ಆರು ತಿಂಗಳಿಗೆಂದು ಬಂದರೂ ಊರಿನ ಕೆಲಸ ನಿಮ್ಮಲ್ಲಿ ಹಲವರನ್ನು ಬಿಟ್ಟಿರುವುದಿಲ್ಲ. ಒಬ್ಬರು ಶಾಲೆಯ ಟ್ರಸ್ಟಿನ ಖಜಾಂಚಿ, ಇನ್ನೊಬ್ಬರು ನಿವೃತ್ತ ನೌಕರರ ಸಂಘದ ಕಾರ್ಯದರ್ಶಿ. ಅಲ್ಲಿ ಬೆಳಿಗ್ಗೆ ಏಳಕ್ಕೆ ಕಾಫಿ ಮುಗಿಸಿ ಜೊತೆಗಾರರು ಫೋನ್ ಮಾಡುತ್ತಾರೆ. ಇಲ್ಲಿ ನ್ಯೂಜೆರ್ಸಿಯಲ್ಲಿ ಬೇಸಿಗೆಯಾದರೆ ಹಿಂದಿನ ರಾತ್ರಿ ಒಂಬತ್ತೂವರೆ. ದೂರು, ತಕರಾರು, ಹಳೇ ಲೆಕ್ಕ ಎಂದು ಮುಕ್ಕಾಲು ಗಂಟೆ. ಕೊನೆಗೆ ತಲೆ ಮಂಕಾಗಿ, ಯಾವುದಕ್ಕೆ ಹೂಂ ಅಂದೆವೆಂಬುದೇ ನೆನಪಿರುವುದಿಲ್ಲ.

ಇದನ್ನು ಎಲ್ಲರೂ ವಯಸ್ಸಿನ ಮೇಲೆ ಹಾಕುತ್ತಾರೆ. ನಾನು ಮೊದಲು ಕಿವಿಯನ್ನು ವಿಚಾರಿಸುತ್ತೇನೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತೀಕ್ಷ್ಣ ಸದ್ದುಗಳನ್ನು. ಸ, ಶ, ಫ ಮಸುಕಾಗುತ್ತವೆ. ಮಾತು ಕೇಳಿಸುತ್ತದೆ, ಆದರೆ ಸಾಲ ಎಂದರೋ ಶಾಲೆ ಎಂದರೋ ತಿಳಿಯುವುದಿಲ್ಲ. ಬಿಟ್ಟುಹೋದದ್ದನ್ನು ಮಿದುಳು ಊಹಿಸಿ ತುಂಬಿಕೊಳ್ಳಬೇಕು. ಫೋನಿನಲ್ಲಿ ತುಟಿಯೂ ಕಾಣದು. ಅರ್ಧ ಗಂಟೆ ಈ ಕೆಲಸ ಮಾಡಿದ ಮಿದುಳು ದಣಿಯದೆ ಇರುತ್ತದೆಯೇ? ಎದುರಿನವರು ಸಿಡುಕರಾದರಂತೂ ‘ಏನಂದ್ರಿ?’ ಎಂದು ಕೇಳಲೂ ಸಂಕೋಚ.

ಎರಡನೆಯದು ಮಾತ್ರೆ. ಊರಿನಿಂದ ತಂದ ನೆಗಡಿ ಮಾತ್ರೆ, ಇಲ್ಲಿ ಚೀಟಿಯಿಲ್ಲದೆ ಸಿಗುವ ಬೆನಾಡ್ರಿಲ್, ‘ಪಿಎಂ’ ಎಂದು ಬರೆದಿರುವ ನೋವಿನ ಮಾತ್ರೆ ಮಂಪರು ತರುತ್ತವೆ. ಅರವತ್ತೈದು ದಾಟಿದವರು ಬೆನಾಡ್ರಿಲ್ ಮುಟ್ಟದಿರುವುದೇ ಒಳ್ಳೆಯದು. ಗೊಂದಲವಾಗುತ್ತದೆ, ಮೂತ್ರ ಕಟ್ಟುತ್ತದೆ, ಬೀಳುವ ಭಯವೂ ಇದೆ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಫೋನಿಗಾಗಿ ರಾತ್ರಿಯೂಟ ಮುಂದೂಡಬೇಡಿ. ಮಾತಿನ ನಡುವೆ ಬೆವರು, ನಡುಕ, ಮಂಕು ಬಂದರೆ ಫೋನ್ ಇಟ್ಟು ಶುಗರ್ ನೋಡಿ. 70ಕ್ಕಿಂತ ಕಡಿಮೆಯಿದ್ದರೆ ನಾಲ್ಕು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಮಾತಾಡುವಾಗ ಬಿಪಿಯೂ ಏರುತ್ತದೆ. ಐದು ನಿಮಿಷ ಸುಮ್ಮನೆ ಕುಳಿತ ಮೇಲೆ ಅಳೆಯಿರಿ.

ಇನ್ನು ಆ ಕರೆ. ಹೊತ್ತನ್ನು ನೀವೇ ಗೊತ್ತುಮಾಡಿ. ಇಲ್ಲಿಯ ಬೆಳಿಗ್ಗೆ ಎಂಟು ಅಲ್ಲಿ ಸಂಜೆ ಐದೂವರೆ. ನಿಮ್ಮ ತಲೆ ಚುರುಕಾಗಿರುವ ಹೊತ್ತು. ಮುಖ ಕಾಣುವ ವೀಡಿಯೊ ಕರೆ ಮೇಲು. ಮೊಮ್ಮಗನ ಹೆಡ್‌ಫೋನ್ ಎರವಲು ಪಡೆಯಿರಿ, ಟಿವಿ ಆರಿಸಿ, ಪೆನ್ನು ಹಿಡಿಯಿರಿ. ಅವರು ಸುತ್ತಿ ಸುತ್ತಿ ಹೇಳಿದ್ದನ್ನು ಒಂದೇ ಸಾಲಿನಲ್ಲಿ ತಿರುಗಿ ಹೇಳಿ: ‘ಅಂದರೆ ಆಡಿಟ್‌ಗೆ ಮುಂಚೆ ಚೆಕ್ ಬೇಡ, ಅಲ್ಲವೇ?’ ಎಷ್ಟೋ ಮಾತುಗಾರರು ಅಲ್ಲಿಗೆ ನಿಲ್ಲುತ್ತಾರೆ. ನಿದ್ದೆ ಬಾರದಿರಲೆಂದು ನಡೆದಾಡುತ್ತ ಮಾತಾಡಿ, ಮೆಟ್ಟಿಲ ಮೇಲೆ ಮಾತ್ರ ಬೇಡ. ಹಣದ ಮಾತಿಗೆ ಫೋನಿನಲ್ಲೇ ಹೂಂ ಅನ್ನದೆ, ನಾಳೆ ಬರೆದು ಕಳಿಸುತ್ತೇನೆ ಎನ್ನಿ. ಇಪ್ಪತ್ತು ನಿಮಿಷಕ್ಕೆ ‘ಮಾತ್ರೆಯ ಹೊತ್ತಾಯಿತು’ ಎಂದು ಎದ್ದುಬಿಡಿ. ನಮ್ಮ ವಯಸ್ಸಿನಲ್ಲಿ ಅದು ಯಾವಾಗಲೂ ನಿಜವೇ.

ಮಾತು ಇದ್ದಕ್ಕಿದ್ದಂತೆ ತೊದಲಿದರೆ, ಮುಖ ಒಂದು ಕಡೆ ಜಾರಿದರೆ, ಕೈಯ ಬಲ ಹೋದರೆ ಅದು ಸುಸ್ತಲ್ಲ, ಪಾರ್ಶ್ವವಾಯು ಇರಬಹುದು. ತಕ್ಷಣ 911ಕ್ಕೆ ಕರೆ ಮಾಡಿ. ಇನ್ಶೂರೆನ್ಸ್ ಲೆಕ್ಕ ಆಮೇಲೆ. ಮಗ ಆಫೀಸಿನಿಂದ ಬರಲಿ ಎಂದು ಕಾಯಬೇಡಿ.

ಕಿವಿ ಪರೀಕ್ಷೆಯ ಮೇಜು ಇಂದು ಊಟದ ಹಾಲಿನ ಪಕ್ಕದಲ್ಲಿದೆ. ಕೆಲವರಿಗೆ ಬರೀ ಗುಗ್ಗೆ ಕಟ್ಟಿಕೊಂಡಿರುತ್ತದೆ, ತೆಗೆಸಿದರೆ ಮುಗಿಯಿತು. ಬರುವಾಗ ಮಾತ್ರೆಗಳ ಚೀಲವನ್ನೂ ತನ್ನಿ.