ಹೊಸ ಮಾಡೆಲ್ ಕಾರಿಗೆ ಬೇಕಂತಲೇ ತುಕ್ಕು ಹಿಡಿಸ್ತಾರೆ! ಹೇಗೆ, ಯಾಕೆ? ಇಲ್ಲಿದೆ ಪೂರ್ತಿ ಮಾಹಿತಿ

ತಿಂಗಳುಗಟ್ಟಲೆ ಕೂತು ಒಂದೊಂದೇ ಬಿಡಿಭಾಗ ಅಂಟಿಸಿ ಕಾರು ಕಟ್ಟೋದು. ಕಟ್ಟಿ ಮುಗಿಸಿದ ಮೇಲೆ ಅದಕ್ಕೆ ತುಕ್ಕು, ಧೂಳು, ಆಯಿಲ್ ಕಲೆ ಎಲ್ಲಾ ಮೆತ್ತಿ ಮೂವತ್ತು ವರ್ಷ ಹಳೇದು ಮಾಡೋದು. ಕೇಳಿದವರಿಗೆ ಕೆಲಸ ಇಲ್ಲದವರ ಕೆಲಸ ಅನ್ನಿಸಬಹುದು. ಆದರೆ ಜಪಾನ್, ಇಟಲಿ, ಸ್ಪೇನ್, ಇಂಗ್ಲೆಂಡ್ ಕಡೆ ಇದನ್ನು ಶ್ರದ್ಧೆಯಿಂದ ಮಾಡುವ ದೊಡ್ಡ ಬಳಗವೇ ಇದೆ. ಈ ಕೆಲಸಕ್ಕೆ ವೆದರಿಂಗ್ ಅಂತ ಹೆಸರು. ಬಿಸಿಲು, ಮಳೆ, ರಸ್ತೆ, ಮನುಷ್ಯರ ಕೈ ಇವೆಲ್ಲ ಸೇರಿ ಒಂದು ಗಾಡಿಯನ್ನು ಹೇಗೆ ಸವೆಸುತ್ತವೆ ಅನ್ನೋದನ್ನ ಬಣ್ಣದಲ್ಲಿ ತೋರಿಸುವುದು.

ಇದು ಬರೀ ಶೋಕೇಸ್ ವಿಷಯ ಅಲ್ಲ. ಮಾಡೆಲ್ ಕಾರಿಗೆ ತುಕ್ಕು ಬಳಿಯುವವನು ಮೊದಲು ಕಲಿಯಬೇಕಾದದ್ದು ನಿಜವಾದ ಕಾರಿಗೆ ತುಕ್ಕು ಎಲ್ಲಿಂದ ಹಿಡಿಯುತ್ತೆ ಅನ್ನೋದು. ಅಂಗಡಿ ಸಾಮಾನು ಸಾಗಿಸೋಕೆ ಅಂತ ಸೆಕೆಂಡ್ ಹ್ಯಾಂಡ್ ವ್ಯಾನ್ ನೋಡ್ತಾ ಇರೋರಿಗೂ ಈ ಕಣ್ಣು ಬೇಕು. ಅದು ಹೇಗೆ ಅಂತ ಮುಂದೆ ನೋಡೋಣ.

ಸ್ಕೇಲ್ ಅಂದ್ರೇನು?

ಫಿಯಟ್ 500 ಅನ್ನೋ ಪುಟ್ಟ ಇಟಾಲಿಯನ್ ಕಾರನ್ನೇ ಉದಾಹರಣೆಗೆ ತಗೊಳ್ಳಿ. ದಾಂತೆ ಜಿಯಾಕೋಸ ಎಂಬ ಎಂಜಿನಿಯರ್ ವಿನ್ಯಾಸ ಮಾಡಿದ ಈ ಕಾರು 1957ರಲ್ಲಿ ಬಂತು, 1975ರವರೆಗೆ ತಯಾರಾಯ್ತು. ಎರಡು ಸಿಲಿಂಡರ್, ಗಾಳಿಯಿಂದ ತಣಿಯುವ ಎಂಜಿನ್, ಅದೂ ಹಿಂದುಗಡೆ. ಉದ್ದ ಮೂರು ಮೀಟರ್‌ಗೂ ಸ್ವಲ್ಪ ಕಮ್ಮಿ. ನಮ್ಮ ಕಡೆ ಹಳಬರು 'ಫಿಯಟ್' ಅಂತಲೇ ಕರೆಯುತ್ತಿದ್ದ, ಮುಂಬೈಯಲ್ಲಿ ತಯಾರಾಗಿ ಆಮೇಲೆ ಪ್ರೀಮಿಯರ್ ಪದ್ಮಿನಿ ಆದ ಕಾರು ಇದೇ ಕಂಪನಿಯ 1100 ಮಾಡೆಲ್. 500 ಅದರ ಚಿಕ್ಕ ತಮ್ಮ ಇದ್ದ ಹಾಗೆ.

ಈ ಫಿಯಟ್ 500ರ ಕಿಟ್ ಅನ್ನು ಇಟಲಿಯ ಇಟಾಲೆರಿ ಕಂಪನಿ 1/12 ಸ್ಕೇಲ್‌ನಲ್ಲಿ ತಂದಿದೆ. ಅಂದರೆ ನಿಜವಾದ ಕಾರಿನ 12 ಸೆಂಟಿಮೀಟರ್ ಇಲ್ಲಿ 1 ಸೆಂಟಿಮೀಟರ್. ಮೂರು ಮೀಟರ್ ಕಾರು ಸುಮಾರು 25 ಸೆಂಟಿಮೀಟರ್ ಆಗುತ್ತೆ. ಸಾಮಾನ್ಯವಾಗಿ ಸಿಗೋ 1/24 ಸ್ಕೇಲ್ ಕಾರಿಗಿಂತ ಉದ್ದದಲ್ಲಿ ಇದು ಎರಡು ಪಟ್ಟು.

ಇದಕ್ಕಿಂತ ದೊಡ್ಡವೂ ಇವೆ. ಇಟಲಿಯದ್ದೇ ಪೋಕರ್ ಕಂಪನಿಯ 1/8 ಸ್ಕೇಲ್ ಕಿಟ್‌ಗಳು ಈ ಲೋಕದಲ್ಲಿ ದಂತಕಥೆ. ಸಾವಿರಕ್ಕೂ ಹೆಚ್ಚು ಬಿಡಿಭಾಗ, ಆಲ್ಫಾ ರೋಮಿಯೋ ಕಿಟ್‌ನಲ್ಲಿ ಚಕ್ರದ ಕಡ್ಡಿಗಳನ್ನೂ ಸೈಕಲ್ ಶಾಪ್‌ನವರ ಹಾಗೆ ಒಂದೊಂದಾಗಿ ಕೈಯಲ್ಲೇ ಹೆಣೆಯಬೇಕು. ಜಪಾನ್‌ನ ತಮಿಯಾ ಕಂಪನಿಯದ್ದು ಇನ್ನೊಂದು ಕತೆ. 1976ರಲ್ಲಿ ಬಂದ 1/12 ಪೋರ್ಷೆ 934 ಕಿಟ್ ಮಾಡೋಕೆ ಮುಂಚೆ, ಒಳಗಿನ ಅಳತೆ ಸರಿಯಾಗಿ ಸಿಗಲಿ ಅಂತ ಶುನ್‌ಸಾಕು ತಮಿಯಾ ನಿಜವಾದ ಪೋರ್ಷೆ 911 ಒಂದನ್ನು ಖರೀದಿಸಿ ತಂದು ಬಿಚ್ಚಿಸಿಯೇ ಬಿಟ್ಟರು. ಆಟಿಕೆ ಅನ್ನೋರು ಇದನ್ನೊಮ್ಮೆ ಯೋಚಿಸಲಿ.

ದೊಡ್ಡದಾದಷ್ಟೂ ಕಷ್ಟ

ದೊಡ್ಡ ಮಾಡೆಲ್ ಸುಲಭ ಅಂತ ಎಲ್ಲರೂ ಅಂದ್ಕೋತಾರೆ. ನಿಜ ಏನಂದ್ರೆ ಉಲ್ಟಾ. ಚಿಕ್ಕ ಮಾಡೆಲ್‌ನಲ್ಲಿ ನೋಡುವವರ ಕಣ್ಣು ತಾನೇ ಅರ್ಧ ತುಂಬಿಕೊಳ್ಳುತ್ತೆ. 1/12ರಲ್ಲಿ ಎಲ್ಲವೂ ಕಾಣುತ್ತೆ, ಹಾಗಾಗಿ ಇಲ್ಲದ್ದೂ ಕಾಣುತ್ತೆ.

ಲೆಕ್ಕ ಹಾಕಿ ನೋಡಿ. ನಿಜವಾದ ಕಾರಿನ ತಗಡು ಒಂದು ಮಿಲಿಮೀಟರ್‌ಗಿಂತ ತೆಳು. ಕಿಟ್‌ನ ಪ್ಲಾಸ್ಟಿಕ್ ಬಾಗಿಲು ಒಂದು ಮಿಲಿಮೀಟರ್ ದಪ್ಪ ಇದ್ದರೆ ಸ್ಕೇಲ್ ಲೆಕ್ಕದಲ್ಲಿ ಅದು 12 ಮಿಲಿಮೀಟರ್, ಅಂದರೆ ತಿಜೋರಿ ಬಾಗಿಲು! ಮಡ್‌ಗಾರ್ಡ್ ತುಕ್ಕು ತಿಂದು ತೂತಾಗಿದೆ ಅಂತ ತೋರಿಸಬೇಕಾದರೆ ಸುಮ್ಮನೆ ತೂತು ಕೊರೆದರೆ ಆಗಲ್ಲ, ಅಂಚು ದಪ್ಪ ಕಂಡು ಬಣ್ಣ ಬಯಲಾಗುತ್ತೆ. ಹಿಂಬದಿಯಿಂದ ಕೆರೆದು ಕೆರೆದು ಬೆಳಕು ಹಾಯುವಷ್ಟು ತೆಳುವಾದ ಮೇಲೆ ಸೂಜಿ ಮೊನೆಯಿಂದ ಮುರಿಯಬೇಕು. ಕೆಲವರು ಅಲ್ಲಿ ಪ್ಲಾಸ್ಟಿಕ್ ಕತ್ತರಿಸಿ ತೆಗೆದು, ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್ ಅಂಟಿಸ್ತಾರೆ. ಅದನ್ನು ನಿಜವಾದ ತಗಡಿನ ಹಾಗೇ ಹರಿಯಬಹುದು, ಮಡಚಬಹುದು.

ಎಂಜಿನ್‌ನಲ್ಲೂ ಅಷ್ಟೇ. ಸ್ಪಾರ್ಕ್ ಪ್ಲಗ್ ವೈರು ನಿಜದಲ್ಲಿ ಸುಮಾರು 7 ಮಿಲಿಮೀಟರ್, ಇಲ್ಲಿ ಅದು 0.6 ಮಿಲಿಮೀಟರ್ ಇರಬೇಕು. ಫಿಯಟ್ 500ಕ್ಕೆ ಸಿಲಿಂಡರ್ ಎರಡೇ ಆದ್ದರಿಂದ ಪ್ಲಗ್‌ಗೆ ಎರಡು ವೈರು, ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ ಒಂದು. ಮೂರೇ ವೈರು, ಆದರೆ ಅದಿಲ್ಲದಿದ್ರೆ ಬಾನೆಟ್ ತೆರೆದು ತೋರಿಸೋಕೆ ಮುಖ ಇರಲ್ಲ.

ತುಕ್ಕಿಗೂ ಒಂದು ಕಾರಣ ಬೇಕು

ವೆದರಿಂಗ್‌ನಲ್ಲಿ ಹೊಸಬರು ಮಾಡೋ ದೊಡ್ಡ ತಪ್ಪು ಅಂದ್ರೆ ಕಾರಿಗೆಲ್ಲಾ ಕಿತ್ತಳೆ ಬಣ್ಣ ಬಳಿಯೋದು. ತುಕ್ಕು ಎಲ್ಲೆಂದರಲ್ಲಿ ಬರಲ್ಲ. ಕಬ್ಬಿಣ, ನೀರು, ಗಾಳಿಯ ಆಮ್ಲಜನಕ ಮೂರೂ ಸೇರಬೇಕು. ಬಣ್ಣ ಗಟ್ಟಿ ಇರೋವರೆಗೆ ನೀರು ಒಳಗೆ ಹೋಗಲ್ಲ. ಕಲ್ಲು ಸಿಡಿದೋ, ಅಂಚು ತಾಗಿಯೋ ಬಣ್ಣ ಕಿತ್ತರೆ ಅಲ್ಲಿಂದ ಶುರು. ತುಕ್ಕಾದ ಕಬ್ಬಿಣ ಮೊದಲಿದ್ದದ್ದಕ್ಕಿಂತ ಹೆಚ್ಚು ಜಾಗ ತಗೊಳ್ಳುತ್ತೆ. ಅದಕ್ಕೇ ಬಣ್ಣ ಒಳಗಿನಿಂದ ಗುಳ್ಳೆ ಗುಳ್ಳೆಯಾಗಿ ಉಬ್ಬೋದು. ಉಪ್ಪಿನಂಶ ಇದ್ದರೆ ಕೆಲಸ ಇನ್ನೂ ಜೋರು. ಕರಾವಳಿಯಲ್ಲಿ ಗೇಟು, ಗ್ರಿಲ್ ಎಷ್ಟು ಬೇಗ ಹಾಳಾಗುತ್ತೆ ಅಂತ ಅಲ್ಲಿನವರಿಗೆ ಹೇಳಬೇಕಾಗಿಲ್ಲ.

ಹಾಗಾಗಿ ಬ್ರಶ್ ಹಿಡಿಯೋ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇಲ್ಲಿ ನೀರು ಎಲ್ಲಿ ನಿಲ್ಲುತ್ತೆ?

ಬಾಗಿಲಿನ ಕೆಳ ಅಂಚು, ಯಾಕಂದ್ರೆ ಗಾಜಿನ ಪಕ್ಕದಿಂದ ಇಳಿದ ಮಳೆ ನೀರು ಅಲ್ಲೇ ಸೇರುತ್ತೆ. ಅದು ಹೊರಗೆ ಹೋಗಲಿ ಅಂತ ಬಿಟ್ಟಿರೋ ಸಣ್ಣ ತೂತು ಮಣ್ಣು ಕಟ್ಟಿಕೊಂಡರೆ ಮುಗೀತು. ಚಕ್ರದ ಮೇಲಿನ ಕಮಾನಿನ ಒಳಭಾಗ, ಅಲ್ಲಿ ಕೆಸರು ಹೆಪ್ಪುಗಟ್ಟಿ ವಾರಗಟ್ಟಲೆ ಒದ್ದೆ ಇರುತ್ತೆ. ಮುಂದಿನ ಗಾಜಿನ ಬುಡ. ಕಾಲಡಿಯ ಮ್ಯಾಟ್ ಕೆಳಗಿನ ತಗಡು. ಫಿಯಟ್ 500ರಲ್ಲಿ ಇನ್ನೊಂದು ಜಾಗ ಇದೆ: ಎಂಜಿನ್ ಹಿಂದೆ ಇರೋದರಿಂದ ಬ್ಯಾಟರಿ ಮುಂದಿನ ಡಿಕ್ಕಿಯಲ್ಲಿ ಇರುತ್ತೆ, ಆಸಿಡ್ ತಾಗಿ ಅದರ ಸುತ್ತಲಿನ ತಗಡು ಹಾಳಾಗುತ್ತೆ. ಆಯಿಲ್ ಜಿಡ್ಡು ಬಳಿಯಬೇಕಾದ್ದು ಮಾತ್ರ ಹಿಂಬದಿಗೆ. ಮುಂದಿನ ಬಾನೆಟ್ ಕೆಳಗೆ ಎಂಜಿನ್ ಆಯಿಲ್ ಸೋರಿದ ಕಲೆ ಹಾಕಿದರೆ ಗೊತ್ತಿದ್ದವರು ನಗ್ತಾರೆ.

ಹೇರ್ ಸ್ಪ್ರೇ ಕಮಾಲ್

ಕಿತ್ತುಹೋದ ಬಣ್ಣ ತೋರಿಸೋ ವಿಧಾನದಲ್ಲಿ ಈಗ ಹೆಚ್ಚು ಚಾಲ್ತಿಯಲ್ಲಿರೋದು ಹೇರ್ ಸ್ಪ್ರೇ. ಹೌದು, ಫ್ಯಾನ್ಸಿ ಸ್ಟೋರ್‌ನಲ್ಲಿ ಸಿಗೋ ಅದೇ ಡಬ್ಬ.

ಮೊದಲು ಕಾರಿಗೆ ತುಕ್ಕಿನ ಬಣ್ಣ. ಒಂದೇ ಬಣ್ಣ ಅಲ್ಲ. ಹಳೇ ತುಕ್ಕು ಕಾಫಿ ಡಿಕಾಕ್ಷನ್ ತರ ಕಪ್ಪುಗಂದು, ಹೊಸದು ಕಿತ್ತಳೆ, ನಡುವೆ ಹತ್ತು ಛಾಯೆ. ಸ್ಪಂಜಿನ ಚೂರಿನಿಂದ ತಟ್ಟುತ್ತಾ ಬಂದರೆ ಸಹಜವಾಗಿ ಕಾಣುತ್ತೆ. ಅದು ಒಣಗಿದ ಮೇಲೆ ಕ್ಲಿಯರ್ ಲ್ಯಾಕರ್ ಹೊಡೆದು ಭದ್ರ ಮಾಡಬೇಕು. ಅದರ ಮೇಲೆ ಎರಡು ತೆಳು ಕೋಟ್ ಹೇರ್ ಸ್ಪ್ರೇ. ಅದೂ ಒಣಗಲಿ. ಆಮೇಲೆ ಕಾರಿನ ಅಸಲಿ ಬಣ್ಣ, ನೀರಿನಲ್ಲಿ ಕಲಸುವ ಆಕ್ರಿಲಿಕ್ಕೇ ಆಗಬೇಕು, ತೆಳುವಾಗಿಯೇ ಹೊಡೆಯಬೇಕು.

ಅರ್ಧ ಗಂಟೆ ಬಿಟ್ಟು, ಎಲ್ಲಿ ಬಣ್ಣ ಕೀಳಬೇಕೋ ಅಲ್ಲಿ ಮಾತ್ರ ಬೆಚ್ಚಗಿನ ನೀರು ಹಚ್ಚಿ ಗಡಸು ಬ್ರಶ್ಶಿನಿಂದ ಮೆಲ್ಲಗೆ ಉಜ್ಜುತ್ತಾರೆ. ನೀರು ಮೇಲಿನ ಬಣ್ಣದ ಒಳಗೆ ಇಳಿದು ಕೆಳಗಿನ ಹೇರ್ ಸ್ಪ್ರೇ ಕರಗಿಸುತ್ತೆ. ಹಿಡಿತ ತಪ್ಪಿದ ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತೆ, ಅಡಿಯ ತುಕ್ಕು ಹೊರಗೆ ಇಣುಕುತ್ತೆ. ಹಳೇ ಕಾರಿನಲ್ಲಿ ಬಣ್ಣ ಏಳೋದೂ ಹೀಗೇ, ಪದರ ಪದರವಾಗಿ. ಅದಕ್ಕೇ ಬ್ರಶ್ಶಿನಲ್ಲಿ ಬಿಡಿಸಿದ ತುಕ್ಕಿಗಿಂತ ಇದು ನಂಬೋ ಹಾಗಿರುತ್ತೆ. ಇದೇ ಕೆಲಸಕ್ಕೆ ಅಡುಗೆ ಉಪ್ಪನ್ನೂ ಬಳಸ್ತಾರೆ: ಒದ್ದೆ ಮಾಡಿ ಉಪ್ಪು ಉದುರಿಸಿ, ಒಣಗಿಸಿ, ಮೇಲೆ ಬಣ್ಣ ಹೊಡೆದು ಉಪ್ಪನ್ನು ಉಜ್ಜಿ ತೆಗೆಯೋದು.

ಇಲ್ಲೂ ಅಳತೆ ಮರೆಯಬಾರದು. ಮಾಡೆಲ್ ಮೇಲಿನ ಒಂದು ಮಿಲಿಮೀಟರ್ ಚಕ್ಕೆ ಅಂದರೆ ನಿಜದಲ್ಲಿ 12 ಮಿಲಿಮೀಟರ್. ಕಲ್ಲು ಸಿಡಿದ ಗಾಯ ಅಷ್ಟು ದೊಡ್ಡದಿರಲ್ಲ.

ಒಂದು ತಪ್ಪಿಗೆ ಆರು ತಿಂಗಳು ಹೋಗಬಹುದು

ಈ ಕೆಲಸದಲ್ಲಿ ಎದೆ ಢವ ಢವ ಅನ್ನೋದು ಇಲ್ಲೇ. ವೆದರಿಂಗ್ ಬರೋದು ಕೊನೆಗೆ, ಎಲ್ಲಾ ಕಷ್ಟಪಟ್ಟ ಮೇಲೆ. ತಪ್ಪಿದರೆ ಬಿಡಿಸಿಕೊಂಡು ಬಣ್ಣ ಕೀಳೋಕೆ ಆಗಲ್ಲ, ಒಳಗೆ ಗಾಜು, ಸೀಟು, ವೈರಿಂಗ್ ಎಲ್ಲಾ ಕೂತಿರುತ್ತೆ.

ಹೆಚ್ಚಿನ ಅನಾಹುತ ಆಗೋದು ದ್ರಾವಣ ಅದಲುಬದಲಾಗಿ. ಲ್ಯಾಕರ್ ಜೋರು, ಆಯಿಲ್ ಮತ್ತು ಎನಾಮೆಲ್ ಅದಕ್ಕಿಂತ ಸೌಮ್ಯ. ಜೋರಿನದ್ದು ಕೆಳಗೆ, ಸೌಮ್ಯದ್ದು ಮೇಲೆ ಇರಬೇಕು. ಉಲ್ಟಾ ಆದರೆ ಮೇಲಿನದು ಕೆಳಗಿನದನ್ನು ಸುಕ್ಕುಗಟ್ಟಿಸುತ್ತೆ. ಪೇಂಟ್ ಅಂಗಡಿಯಲ್ಲಿ ಸಿಗೋ ಎನ್‌ಸಿ ಥಿನ್ನರ್ ಅಂತೂ ಕಿಟ್‌ನ ಪ್ಲಾಸ್ಟಿಕ್ಕನ್ನೇ ಕರಗಿಸಿಬಿಡುತ್ತೆ. ಅದನ್ನು ಮೇಜಿನ ಹತ್ತಿರವೂ ಇಟ್ಕೋಬೇಡಿ. ಯಾವುದೇ ಸ್ಪ್ರೇ, ಥಿನ್ನರ್ ಕೆಲಸ ಕಿಟಕಿ ತೆರೆದು, ಮಾಸ್ಕ್ ಹಾಕಿ ಮಾಡಬೇಕು, ಹತ್ತಿರ ಬೆಂಕಿ ಇರಬಾರದು. ಮಕ್ಕಳಿಗೆ ಕಿಟ್ ಕೊಡಿಸೋ ಅಪ್ಪ ಅಮ್ಮಂದಿರು ಇದನ್ನು ಗಮನಿಸಲೇಬೇಕು.

ಧೂಳಿಗೂ ಊರಿದೆ

ತುಕ್ಕಾದ ಮೇಲೆ ಆಯಿಲ್ ಬಣ್ಣದ ಸರದಿ. ಗಾಢ ಕಂದು ಬಣ್ಣವನ್ನು ಟರ್ಪೆಂಟೈನ್‌ನಲ್ಲಿ ನೀರಾಗಿ ಕಲಸಿ ಬಾಗಿಲಿನ ಸಂದಿಗೆ ಬ್ರಶ್ ತುದಿ ತಾಗಿಸಿದರೆ ಸಾಕು, ತಾನೇ ಗೆರೆಗುಂಟ ಓಡುತ್ತೆ. ತುಕ್ಕಿನ ಜಾಗದಿಂದ ಮಳೆ ನೀರು ಇಳಿದ ಕಲೆ ಬೇಕಾದರೆ ಚುಕ್ಕಿಯಷ್ಟು ಬಣ್ಣ ಇಟ್ಟು ಒದ್ದೆ ಬ್ರಶ್ಶಿನಿಂದ ನೇರ ಕೆಳಗೆ ಎಳೆಯೋದು. ಅಡ್ಡ ಎಳೆದರೆ ಕೆಟ್ಟಿತು, ನೀರು ಅಡ್ಡ ಹರಿಯಲ್ಲ.

ಕೊನೆಗೆ ಧೂಳು. ಬಣ್ಣದ ಪುಡಿ ಅಥವಾ ಪೇಸ್ಟಲ್ ಚಾಕ್ ಕೆರೆದ ಪುಡಿ ಬಳಸ್ತಾರೆ. ರಸ್ತೆಯ ಮಣ್ಣನ್ನೇ ಜರಡಿ ಹಿಡಿದು ಹಾಕಿದರೆ ಕಾಳು ದೊಡ್ಡದಾಗಿ ಜಲ್ಲಿ ತರ ಕಾಣುತ್ತೆ. ಬಣ್ಣವೂ ಊರಿಗೆ ತಕ್ಕ ಹಾಗಿರಬೇಕು. ಸಂಡೂರು ಕಡೆ ಓಡಿದ ಗಾಡಿಗೆ ಅದಿರಿನ ಕೆಂಪು, ವಿಜಯಪುರದ ಎರೆಹೊಲದ ದಾರಿಯಲ್ಲಿ ಓಡಿದ್ದಕ್ಕೆ ಕಪ್ಪುಬೂದಿ. ಇಟಲಿಯ ಪೇಟೆಯಲ್ಲೇ ಓಡಾಡಿದ ಫಿಯಟ್‌ಗೆ ಸಂಡೂರಿನ ಕೆಂಪು ಮೆತ್ತಿದರೆ ಎಷ್ಟೇ ಚೆನ್ನಾಗಿದ್ದರೂ ಸುಳ್ಳೇ. 1977ರ ಸ್ಟಾರ್ ವಾರ್ಸ್ ಸಿನಿಮಾದ ಅಂತರಿಕ್ಷ ನೌಕೆಗಳಿಗೂ ಪ್ಲಾಸ್ಟಿಕ್ ಕಿಟ್‌ಗಳ ಬಿಡಿಭಾಗ ಅಂಟಿಸಿ, ಮೇಲೆ ಹೊಗೆ, ಜಿಡ್ಡು ಬಳಿದಿದ್ದರು. ನೋಡಿದವರು ನಂಬಿದ್ದು ಆ ಕೊಳೆಯಿಂದಲೇ.

ಸೆಕೆಂಡ್ ಹ್ಯಾಂಡ್ ಗಾಡಿ ನೋಡುವಾಗ

ಈಗ ಅಸಲಿ ಗಾಡಿಗೆ ಬನ್ನಿ. ಮಾಡೆಲ್ ಮಾಡುವವರು ತುಕ್ಕು ಬಳಿಯೋ ಜಾಗಗಳೇ ನೀವು ಬಗ್ಗಿ ನೋಡಬೇಕಾದ ಜಾಗಗಳು. ಬಾಗಿಲು ತೆರೆದು ಕೆಳ ಅಂಚಿಗೆ ಬೆರಳು ಆಡಿಸಿ; ಗುಳ್ಳೆ ಕೈಗೆ ಸಿಕ್ಕರೆ ಒಳಗೆ ತಗಡು ತಿಂದಿದೆ. ಮ್ಯಾಟ್ ಎತ್ತಿ. ಸ್ಟೆಪ್ನಿ ತೆಗೆದು ಅದರ ಗುಂಡಿ ನೋಡಿ. ಟಿಂಕರಿಂಗ್ ಮಾಡಿ ಪುಟ್ಟಿ ತುಂಬಿ ಮೇಲೆ ಬಣ್ಣ ಹೊಡೆದಿದ್ದರೆ ಕಣ್ಣಿಗೆ ಗೊತ್ತಾಗಲ್ಲ, ಆದರೆ ಒಂದು ಸಣ್ಣ ಮ್ಯಾಗ್ನೆಟ್‌ಗೆ ಗೊತ್ತಾಗುತ್ತೆ. ಪುಟ್ಟಿ ದಪ್ಪ ಇದ್ದ ಕಡೆ ಅದು ಹಿಡಿಯಲ್ಲ. ಬಂಪರ್‌ನಂತಹ ಪ್ಲಾಸ್ಟಿಕ್ ಭಾಗಕ್ಕೂ ಹಿಡಿಯಲ್ಲ, ಅದಕ್ಕೆ ಗಾಬರಿ ಆಗಬೇಡಿ. ಎರಡೂ ಕಡೆ ಬಾಗಿಲಿಗೆ ಒಂದೇ ಎತ್ತರದಲ್ಲಿ ಇಟ್ಟು ಹೋಲಿಸಿ. ಹತ್ತು ವರ್ಷದ ಗಾಡಿಯ ಅಡಿಭಾಗಕ್ಕೆ ಮಾತ್ರ ಹೊಸದಾಗಿ ಕಪ್ಪು ಕೋಟಿಂಗ್ ಹೊಡೆದಿದ್ದರೆ ಯಾಕೆ ಅಂತ ಕೇಳಿ.

ಶುರು ಮಾಡೋರಿಗೆ

ದೊಡ್ಡ ಕಿಟ್‌ಗಳು ದುಬಾರಿ, ಹೆಚ್ಚಿನವು ಹೊರದೇಶದಿಂದಲೇ ಬರಬೇಕು. ಆದರೆ ಕಲಿಯೋಕೆ ಬೇಕಾದದ್ದು ತಾಲ್ಲೂಕು ಪೇಟೆಯಲ್ಲೇ ಸಿಗುತ್ತೆ. ಸ್ಟೇಷನರಿ ಅಂಗಡಿಯಲ್ಲಿ ಆಕ್ರಿಲಿಕ್, ಆಯಿಲ್ ಬಣ್ಣದ ಟ್ಯೂಬ್, ಹಾರ್ಡ್‌ವೇರ್ ಅಂಗಡಿಯಲ್ಲಿ ಟರ್ಪೆಂಟೈನ್ ಮತ್ತು ನುಣುಪಾದ ವಾಟರ್ ಪೇಪರ್, ಫ್ಯಾನ್ಸಿ ಸ್ಟೋರ್‌ನಲ್ಲಿ ಹೇರ್ ಸ್ಪ್ರೇ. ಮೊದಲ ಪ್ರಯೋಗ ಕಾರಿನ ಮೇಲೆ ಬೇಡ. ಬಳಸಿ ಬಿಸಾಡೋ ಪ್ಲಾಸ್ಟಿಕ್ ಚಮಚ ಒಂದು ಡಜನ್ ತನ್ನಿ. ಅದರ ಉಬ್ಬು ಬೆನ್ನು ಕಾರಿನ ಬಾನೆಟ್ ತರವೇ ಇರುತ್ತೆ. ಒಂದೊಂದರ ಮೇಲೆ ಒಂದೊಂದು ಥರ ಮಾಡಿ ನೋಡಿ. ಯಾವ ಬಣ್ಣ, ಎಷ್ಟು ಕೋಟ್, ಎಷ್ಟು ಹೊತ್ತು ಒಣಗಿಸಿದ್ದು ಅಂತ ಹಿಡಿಯ ಮೇಲೆ ಮಾರ್ಕರ್‌ನಲ್ಲಿ ಬರೆದಿಡಿ. ಹನ್ನೆರಡರಲ್ಲಿ ಎಂಟು ಹಾಳಾಗುತ್ತೆ. ಉಳಿದ ನಾಲ್ಕನ್ನು ಎದುರಿಗಿಟ್ಟುಕೊಂಡು ಕಾರಿಗೆ ಕೈ ಹಾಕಬಹುದು.