ಬೀದರಿನ ಮೆರುಗು ಬಿಲ್ಲೆಗಳು

ಅರಸೀಕೆರೆ, ಬೇಲೂರು, ಹಳೇಬೀಡುಗಳ ಹೊಯ್ಸಳ ಶಿಲ್ಪಿಗಳು ಅಲಂಕಾರವನ್ನು ಬಳಪದ ಕಲ್ಲಿನಲ್ಲಿಯೇ ಕೊರೆದರು. ಅಲ್ಲಿ ಗೋಡೆಯೂ ಚಿತ್ತಾರವೂ ಒಂದೇ. ಗೋಡೆಗೆ ಸುಟ್ಟ ಮಣ್ಣಿನ ಬಣ್ಣದ ಹೊದಿಕೆಯನ್ನು ತೊಡಿಸುವ ಬೇರೊಂದು ಸಂಪ್ರದಾಯವನ್ನು ನಾವು ಬೀದರಿನಲ್ಲಿ ಕಾಣುತ್ತೇವೆ. ಇರಾನಿನ ಗೀಲಾನ್ ಪ್ರಾಂತದಿಂದ ಬಂದ ಬಹಮನಿ ಮಂತ್ರಿ ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮದರಸವು ಇದಕ್ಕೆ ಮುಖ್ಯ ನಿದರ್ಶನ.

ತುರ್ಕಿಯ ಇಜ್ನಿಕ್ ಪಟ್ಟಣದ ಕುಶಲಿಗರು 16ನೆಯ ಶತಮಾನದಲ್ಲಿ ಒಂದೇ ಬಿಲ್ಲೆಯ ಮೇಲೆ ಹಲವು ಬಣ್ಣಗಳಿಂದ ಹೂಬಳ್ಳಿಗಳನ್ನು ಬರೆದು, ಪಾರದರ್ಶಕವಾದ ಮೆರುಗನ್ನು ಲೇಪಿಸಿ ಸುಡುತ್ತಿದ್ದರು. ಮದರಸದ ಮುಂಭಾಗದ ಕ್ರಮವು ಬೇರೆ. ಇಲ್ಲಿ ಒಂದೊಂದು ಬಣ್ಣದ ಬಿಲ್ಲೆಯನ್ನು ಪ್ರತ್ಯೇಕವಾಗಿ ಸುಟ್ಟು, ಆಕಾರಕ್ಕೆ ತಕ್ಕಂತೆ ಕತ್ತರಿಸಿ, ಗಾರೆಯಲ್ಲಿ ಜೋಡಿಸಿದ್ದಾರೆ. ಪ್ರತಿಯೊಂದು ಮೆರುಗಿಗೂ ಅದರದೇ ಹದದ ಉರಿ ದೊರೆಯುವುದರಿಂದ ಬಣ್ಣಗಳು ಒಂದರೊಳಗೊಂದು ಹರಿಯುವುದಿಲ್ಲ. ಇಂಥ ಮೆರುಗುಗಳಲ್ಲಿ ಕೋಬಾಲ್ಟು ಕಡುನೀಲಿಯನ್ನೂ, ಕ್ಷಾರದೊಡನೆ ಬೆರೆತ ತಾಮ್ರವು ಹಸುರುನೀಲಿಯನ್ನೂ, ತವರವು ಬಿಳುಪನ್ನೂ ಕೊಡುತ್ತವೆ.

ಆದರೆ ಗಾರೆಯ ಹಿಡಿತವು ಸಡಿಲಿದರೆ ಬಿಲ್ಲೆ ಉದುರುತ್ತದೆ. 17ನೆಯ ಶತಮಾನದ ಕೊನೆಯಲ್ಲಿ ಮದರಸದ ಮುಂಭಾಗದ ಒಂದು ಪಾರ್ಶ್ವವೇ ಕುಸಿಯಿತು; ಎರಡು ಮಿನಾರುಗಳಲ್ಲಿ ಒಂದು ಮಾತ್ರ ಉಳಿಯಿತು. ಹಳೇಬೀಡಿನಲ್ಲಿ ಮುರಿದ ಶಿಲ್ಪವೂ ತನ್ನ ರೂಪದ ಸುಳಿವನ್ನು ಉಳಿಸಿಕೊಳ್ಳುತ್ತದೆ. ಇಲ್ಲಿ ಬಿಲ್ಲೆಯೊಡನೆ ಅದು ಹೊತ್ತ ಅಕ್ಷರವೂ ಅಳಿಯುತ್ತದೆ. ಆದುದರಿಂದ ಉಳಿದಿರುವ ಬಿಲ್ಲೆಗಳ ಅಳತೆ, ಬಣ್ಣ, ಸ್ಥಾನಗಳನ್ನು ಒಂದೊಂದಾಗಿ ದಾಖಲಿಸುವುದು ವಿದ್ವಾಂಸರ ಮೊದಲ ಕರ್ತವ್ಯವೆಂದು ನಾವು ಭಾವಿಸುತ್ತೇವೆ.