ಅಂಗಾಂಶಗಳ ಬಣ್ಣ: ಒಂದು ಚಾರಿತ್ರಿಕ ಟಿಪ್ಪಣಿ

ಚರಿತ್ರೆಯ ಅಧ್ಯಾಪಕರು ಅಂಗಾಂಶವಿಜ್ಞಾನವನ್ನು ಕುರಿತು ಬರೆಯುವುದು ಅಧಿಕಪ್ರಸಂಗವೆಂದು ವಾಚಕರಿಗೆ ತೋರಬಹುದು. ಆದರೆ ಆ ಶಾಸ್ತ್ರದ ಸಾಕ್ಷ್ಯವು ಬಹುಮಟ್ಟಿಗೆ ಬಣ್ಣವನ್ನು ಆಶ್ರಯಿಸಿದೆ. ಆ ಬಣ್ಣವಾದರೋ ವಸ್ತುವಿಗೆ ಸಹಜವಾದುದಲ್ಲ. ಸಾಕ್ಷ್ಯಪರೀಕ್ಷೆಯೇ ಕಸುಬಾದವರು ಇದನ್ನು ಉಪೇಕ್ಷಿಸಲಾಗದು.

1801ರಲ್ಲಿ ಪ್ಯಾರಿಸಿನ ಬಿಷಾ ಎಂಬ ವೈದ್ಯನು ದೇಹದಲ್ಲಿ 21 ಬಗೆಯ ಅಂಗಾಂಶಗಳಿವೆಯೆಂದು ಪ್ರತಿಪಾದಿಸಿದನು. ಅವನಿಗೆ ಸೂಕ್ಷ್ಮದರ್ಶಕದಲ್ಲಿ ನಂಬಿಕೆಯಿರಲಿಲ್ಲ. ಶವದ ಭಾಗಗಳನ್ನು ಬೇಯಿಸಿ, ಒಣಗಿಸಿ, ಆಮ್ಲದಲ್ಲಿ ನೆನೆಯಿಸಿ ಅವನು ಈ ವಿಂಗಡಣೆಯನ್ನು ಮಾಡಿದನು. ಅವನು ಬಳಸಿದ ಫ್ರೆಂಚ್ ಪದದ ಅರ್ಥ 'ನೆಯ್ದದ್ದು'. ನಮ್ಮ 'ಅಂಗಾಂಶ'ದಲ್ಲಿ ಆ ನೆಯ್ಗೆ ಉಳಿದಿಲ್ಲ. 'ಊತಕ'ದಲ್ಲಿ ಉಂಟು, ಆದರೆ ಕನ್ನಡಿಗನ ಕಿವಿಗೆ ಅದು ಬಾವಿನ ಊತವೆಂದೇ ಕೇಳೀತು!

ಮಿಲಿಮೀಟರಿನ 200ನೆಯ ಒಂದು ಪಾಲಿನಷ್ಟು ತೆಳ್ಳಗೆ ಕೊಯ್ದ ಅಂಗಾಂಶದ ತುಣುಕು ಬಹುಮಟ್ಟಿಗೆ ಪಾರದರ್ಶಕ. ಅದನ್ನು ಕಣ್ಣಿಗೆ ಕಾಣಿಸಿದ ಬಣ್ಣಗಳು ಬಟ್ಟೆಯ ವ್ಯಾಪಾರದಿಂದ ಬಂದವು. ಅವುಗಳಲ್ಲಿ ಮುಖ್ಯವಾದುದು ಮೆಕ್ಸಿಕೋದ ಕ್ಯಾಂಪೆಚೆ ಸೀಮೆಯ ಲಾಗ್‌ವುಡ್ ಮರದ ತಿರುಳಿನಿಂದ ದೊರೆಯುವ ಹಿಮೆಟಾಕ್ಸಿಲಿನ್. ಬೇಗನೆ ಮಾಸುವ ವಂಚಕ ಬಣ್ಣವೆಂದು ಇಂಗ್ಲೆಂಡಿನ ಪಾರ್ಲಿಮೆಂಟು 1581ರಲ್ಲಿ ಈ ಮರವನ್ನೇ ನಿಷೇಧಿಸಿತ್ತು. 1662ರಲ್ಲಿ ಆ ನಿಷೇಧ ತೆರವಾಯಿತು. ಪಟಿಕದಂಥ ದ್ರವ್ಯ ಸೇರಿದಾಗಲೇ ಬಣ್ಣ ನೂಲಿಗೆ ಗಟ್ಟಿಯಾಗಿ ಕಚ್ಚುವುದೆಂಬುದು ಬಣ್ಣಗಾರರಿಗೆ ತಿಳಿದ ವಿಷಯ. ವಿದ್ವಾಂಸರು ಅದನ್ನು ಹೊಸದಾಗಿ ಕಲಿಯಬೇಕಾಯಿತು. 1863ರಲ್ಲಿ ಜರ್ಮನಿಯ ವಾಲ್ಡೆಯರ್ ಬರಿಯ ಕಷಾಯವನ್ನು ಪ್ರಯೋಗಿಸಿ ಹೆಚ್ಚಿನ ಫಲವನ್ನು ಕಾಣಲಿಲ್ಲ. 1865ರಲ್ಲಿ ಬೋಮರ್ ಪಟಿಕವನ್ನು ಬೆರೆಸಲು ಜೀವಕೋಶದ ನ್ಯೂಕ್ಲಿಯಸ್ಸು ನೀಲವಾಗಿ ಎದ್ದು ಕಂಡಿತು.

1870ರ ದಶಕದಲ್ಲಿ ಇದರೊಡನೆ ಇಯೋಸಿನ್ ಎಂಬ ಕೃತಕವರ್ಣವು ಸೇರಿತು. ಈ ಜೋಡಿಗೆ ಒಂದು ದೋಷವುಂಟು: ಸ್ನಾಯುವೂ ಗುಲಾಬಿ, ಸಂಯೋಜಕ ಅಂಗಾಂಶದ ಎಳೆಯೂ ಗುಲಾಬಿ. ಎರಡನ್ನೂ ಬೇರ್ಪಡಿಸಲು 1889ರಲ್ಲಿ ವಾನ್ ಗೀಸನ್ ಆಮ್ಲೀಯ ಫುಕ್ಸಿನನ್ನೂ ಪಿಕ್ರಿಕ್ ಆಮ್ಲವನ್ನೂ ಕೂಡಿಸಿದನು. ಸ್ನಾಯು ಹಳದಿಯಾಯಿತು, ಎಳೆ ಕೆಂಪಾಯಿತು. ಕೆಂಪಾದುದು ಕೊಲಾಜೆನ್ ಎಂಬ ಪ್ರೋಟೀನು. ಚರ್ಮ ಮೂಳೆಗಳನ್ನು ಕುದಿಸಿದರೆ ಬರುವ ಅಂಟಿಗೆ ಇದೇ ಮೂಲ. ಹೆಸರೂ 'ಅಂಟು' ಎಂಬರ್ಥದ ಗ್ರೀಕ್ ಪದದಿಂದ ಬಂದಿದೆ.

ಕೊಲಾಜೆನ್ ಎಲ್ಲಿದೆಯೆಂಬುದನ್ನು ಬಣ್ಣ ತೋರಿಸಿತೇ ಹೊರತು ಅದರ ಅಣುರಚನೆಯನ್ನಲ್ಲ. ಅದನ್ನು ಮದರಾಸಿನಲ್ಲಿ 1954-55ರಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ ವಿವರಿಸಿದರು. ರಾಮಚಂದ್ರನ್ನರು ಅದಕ್ಕೆ ಮುನ್ನ ಬೆಂಗಳೂರಿನ ವಿಜ್ಞಾನಮಂದಿರದಲ್ಲಿದ್ದವರು, ಮುಂದೆ ಮರಳಿ ಅಲ್ಲಿಗೇ ಬಂದವರು. ಕ್ಷ-ಕಿರಣಕ್ಕೆ ಒಡ್ಡಿದ್ದು ಕಾಂಗರೂವಿನ ಬಾಲದ ಸ್ನಾಯುರಜ್ಜು. ತಿಳಿದುಬಂದದ್ದು ಮೂರು ಸರಪಣಿಗಳು ಹುರಿಗೊಂಡ ಹಗ್ಗ. ಅಲ್ಲಿ ಬಣ್ಣಕ್ಕೆ ಕೆಲಸವಿರಲಿಲ್ಲ. ಆದರೂ ರೋಗಿಯ ಯಕೃತ್ತಿನಲ್ಲಿ ಕೊಲಾಜೆನ್ ಎಷ್ಟು ಹಬ್ಬಿದೆಯೆಂದು ನಿರ್ಣಯಿಸಬೇಕಾದ ವೈದ್ಯರು ಇಂದಿಗೂ ಬಣ್ಣ ಕಚ್ಚಿಸಿದ ತುಣುಕನ್ನು ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಾರೆ.